ಯೋಧನ ಮಡದಿಗೂ ಒಂದು ವೃತ್ತಿ ಬೇಡವೇ?

ಕನ್ನಡ ನಾಡಿನಲ್ಲಿ ವೀರಗಲ್ಲುಗಳನ್ನು ಕಾಣದ ಸೀಮೆ ಇಲ್ಲವೆಂದರೂ ಸಲ್ಲುತ್ತದೆ. ಊರ ತುರುಗಳನ್ನು ಮರಳಿಸಲು ಹೋಗಿ ಮಡಿದ ಯೋಧ ಕೆಳಗಿನ ಪಟ್ಟಿಕೆಯಲ್ಲಿ ಕಾದುತ್ತಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕೊಂಡೊಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ದೇವರ ಸನ್ನಿಧಿಯನ್ನು ಸೇರಿರುತ್ತಾನೆ. ಕಲ್ಲಿನ ಕಥೆ ಅಲ್ಲಿಗೆ ಮುಗಿಯಿತು. ಆದರೆ ಅವನು ಹಿಂದೆ ಬಿಟ್ಟುಹೋದ ಮನೆಯ ಪಾಡೇನು? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಮಾತು ಬರುತ್ತದೆ. ನೆತ್ತರು ಸುರಿಸಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ಹೊಗಳಿಕೆಯೊಂದರಿಂದ ಒಲೆ ಉರಿಯುವುದಿಲ್ಲವೆಂಬ ವಿವೇಕ ಆ ಕಾಲದ ಜನಕ್ಕಿದ್ದಿತು.

ಇಂದಿನ ಯೋಧನ ಮಡದಿಗೆ ಬೇಕಾಗಿರುವುದು ಭೂಮಿಯಲ್ಲ. ಆಕೆ ಓದಿದವಳು, ಬಿ.ಎ., ಬಿ.ಎಡ್. ಮುಗಿಸಿದವಳು, ಎಂಜಿನಿಯರಿಂಗ್ ಪದವೀಧರೆ, ದಾದಿ, ವಕೀಲೆ, ಲೆಕ್ಕ ಪರಿಶೋಧಕಿ. ತಾನು ಕಲಿತ ವಿದ್ಯೆಯಿಂದ ನಾಲ್ಕು ಕಾಸು ಸಂಪಾದಿಸಬೇಕು, ನಾಲ್ಕು ಜನರ ನಡುವೆ ತನ್ನ ಹೆಸರಿನಿಂದ ಗುರುತಿಸಿಕೊಳ್ಳಬೇಕು ಎಂಬ ಆಸೆ ಆಕೆಗೂ ಸಹಜ. ಗಂಡನು ಗಡಿಯಲ್ಲಿ ನಿಂತಿರುವಾಗ ಮನೆಯಲ್ಲಿ ಕಾದು ಕುಳಿತ ವೀರಪತ್ನಿಯ ಚಿತ್ರವನ್ನು ನಾವು ಕಥೆಗಳಲ್ಲಿ, ಚಲನಚಿತ್ರಗಳಲ್ಲಿ ಎಷ್ಟೋ ಬಾರಿ ಕಂಡು ಕಣ್ಣೀರು ಮಿಡಿದಿದ್ದೇವೆ. ಆಕೆಯ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಪದವಿಪತ್ರವನ್ನು ಮಾತ್ರ ನಾವು ಕಂಡಿಲ್ಲ.

ಎರಡು ವರ್ಷಕ್ಕೊಂದು ಊರು

ಸೈನ್ಯದ ಸಂಸಾರವೆಂದರೆ ಸಂಚಾರಿ ಸಂಸಾರ. ಸಾಮಾನ್ಯವಾಗಿ ಎರಡು ಮೂರು ವರ್ಷಗಳಿಗೊಮ್ಮೆ ವರ್ಗದ ಆಜ್ಞೆ ಬರುತ್ತದೆ. ಸೈನ್ಯದ ಪರಿಭಾಷೆಯಲ್ಲಿ ಶಾಂತಿಠಾಣ್ಯ, ಯುದ್ಧಠಾಣ್ಯಗಳೆಂದು ಎರಡು ಬಗೆ. ಮೊದಲನೆಯದಕ್ಕೆ ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದು. ಎರಡನೆಯದಕ್ಕೆ ಕರೆದೊಯ್ಯುವಂತಿಲ್ಲ, ಆಗ ಸಂಸಾರವು ಬೇರೆ ಕಡೆ ನಿಲ್ಲಬೇಕು, ಇಲ್ಲವೆ ತವರಿಗೋ ಅತ್ತೆಯ ಮನೆಗೋ ಮರಳಬೇಕು. ಬೆಂಗಳೂರಿನ ದಂಡುಪ್ರದೇಶದಿಂದ ಪಠಾಣಕೋಟಿಗೆ, ಅಲ್ಲಿಂದ ಅಸ್ಸಾಮಿನ ತೇಜಪುರಕ್ಕೆ, ಅಲ್ಲಿಂದ ರಾಜಸ್ಥಾನದ ಜೋಧಪುರಕ್ಕೆ ಹೋಗುವ ಕುಟುಂಬದೊಡನೆ ಮಂಚ, ಪಾತ್ರೆ, ಮಕ್ಕಳ ಪುಸ್ತಕಗಳು ಲಾರಿಯೇರಿ ಹೋಗುತ್ತವೆ. ಹೆಂಡತಿಯ ನೌಕರಿಯನ್ನು ಮಾತ್ರ ಲಾರಿಗೆ ಏರಿಸಲಾಗುವುದಿಲ್ಲ.

ಪ್ರತಿ ವರ್ಗದೊಡನೆ ಆಕೆ ಮೊದಲ ಮೆಟ್ಟಿಲಿಗೆ ಇಳಿಯುತ್ತಾಳೆ. ಒಂದು ಶಾಲೆಯಲ್ಲಿ ಮೂರು ವರ್ಷ ದುಡಿದು ಗಳಿಸಿದ ಹಿರಿತನ ಇನ್ನೊಂದು ಶಾಲೆಯಲ್ಲಿ ನಡೆಯುವುದಿಲ್ಲ. ರಾಜ್ಯ ಸರ್ಕಾರದ ಹುದ್ದೆಗೆ ಅರ್ಜಿ ಹಾಕೋಣವೆಂದರೆ ಆ ರಾಜ್ಯದ ಭಾಷೆ ಬರಬೇಕು. ಎಷ್ಟೋ ಕಡೆ ಸ್ಥಳೀಯ ನಿವಾಸದ ಪ್ರಮಾಣಪತ್ರವೂ ಬೇಕು. ಖಾಸಗಿ ಸಂಸ್ಥೆಗೆ ಹೋದರೆ ಎದುರು ಕುಳಿತವರು ಆಕೆಯ ಯೋಗ್ಯತೆಯನ್ನು ಕೇಳುವ ಮೊದಲೇ ಪತಿಯ ಉದ್ಯೋಗವನ್ನು ಕೇಳುತ್ತಾರೆ. “ಸೈನ್ಯದಲ್ಲಿದ್ದಾರೆಯೇ? ಹಾಗಾದರೆ ಇನ್ನೆರಡು ವರ್ಷದಲ್ಲಿ ನೀವು ಬಿಟ್ಟು ಹೋಗುತ್ತೀರಿ” ಎಂದು ನಸುನಗುತ್ತಾರೆ. ಆ ನಗೆಯಲ್ಲಿ ದ್ವೇಷವಿಲ್ಲ, ಲೆಕ್ಕಾಚಾರವಿದೆ. ಆದರೆ ಆ ಲೆಕ್ಕಾಚಾರದ ಬೆಲೆಯನ್ನು ತೆರುವವಳು ಆಕೆ.

ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಗಂಡ ಗಡಿಯಲ್ಲಿರುವಾಗ ತಂದೆಯೂ ಅವಳೇ, ತಾಯಿಯೂ ಅವಳೇ. ಮಗುವಿಗೆ ಜ್ವರ ಬಂದರೆ ರಜೆ ಹಾಕಬೇಕಾದವಳು ಆಕೆಯೊಬ್ಬಳೇ. ಅತ್ತೆ, ತಾಯಿ, ಅಕ್ಕತಂಗಿಯರು ಸಾವಿರ ಮೈಲಿಗಳಾಚೆ ಇರುತ್ತಾರೆ. ಇಷ್ಟೆಲ್ಲದರ ನಡುವೆ ಆಕೆ ಕೆಲಸ ಬಿಟ್ಟರೆ ನಾವು ‘ಮನೆಗಾಗಿ ತ್ಯಾಗ ಮಾಡಿದಳು’ ಎನ್ನುತ್ತೇವೆ. ಬೇರೆ ದಾರಿಯಿದ್ದೂ ಬಿಟ್ಟುಕೊಟ್ಟರೆ ಅದು ತ್ಯಾಗ. ದಾರಿಯೇ ಇಲ್ಲದೆ ಬಿಟ್ಟದ್ದನ್ನು ತ್ಯಾಗವೆಂದು ಕರೆಯುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ ಮಾತ್ರ.

ಕನ್ನಡ ಎಂ.ಎ.ಗೆ ಪಂಜಾಬಿನಲ್ಲೇನು ಕೆಲಸ?

ನನ್ನ ವಿದ್ಯಾರ್ಥಿನಿಯೊಬ್ಬಳ ಮಾತನ್ನು ಇಲ್ಲಿ ಹೇಳಬೇಕು. ಹಳಗನ್ನಡದಲ್ಲಿ ತುಂಬ ಆಸಕ್ತಿಯಿದ್ದ ಹುಡುಗಿ, ಎಂ.ಎ. ಮುಗಿಸಿ ಒಂದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದಳು. ಸೈನ್ಯದಲ್ಲಿ ಹವಾಲ್ದಾರನಾಗಿದ್ದ ವರನೊಡನೆ ಮದುವೆಯಾಗಿ ಪಂಜಾಬಿಗೆ ಹೋದಳು. ಕೆಲವು ತಿಂಗಳ ಬಳಿಕ ದೂರವಾಣಿಯಲ್ಲಿ ಮಾತನಾಡುತ್ತ, “ಸಾರ್, ಇಲ್ಲಿ ಗಣಿತ ಓದಿದವರಿಗೆ ಕೆಲಸವಿದೆ, ಇಂಗ್ಲಿಷ್ ಓದಿದವರಿಗೆ ಕೆಲಸವಿದೆ. ಕನ್ನಡ ಓದಿದ ನಾನು ಯಾರಿಗೆ ಪಾಠ ಹೇಳಲಿ?” ಎಂದು ಕೇಳಿದಳು. ಕನ್ನಡದ ಅಧ್ಯಾಪಕನಾದ ನನಗೆ ಆ ಪ್ರಶ್ನೆ ಚುಚ್ಚಿತು. “ನೋಡಮ್ಮ, ಕನ್ನಡ ಓದುವವರು ಪಂಜಾಬಿನಲ್ಲಿಲ್ಲ, ನಿಜ. ಆದರೆ ಕನ್ನಡ ಬೇಕಾದವರು ಲೋಕದಲ್ಲೆಲ್ಲ ಇದ್ದಾರೆ” ಎಂದೆ.

ಅದು ಬರಿಯ ಸಮಾಧಾನದ ಮಾತಾಗಿ ಉಳಿಯಲಿಲ್ಲವೆಂಬುದು ಸಂತೋಷದ ಸಂಗತಿ. ಮೊದಲು ಪ್ರಕಾಶಕರೊಬ್ಬರ ಪುಸ್ತಕಗಳ ಕರಡು ತಿದ್ದುವ ಕೆಲಸ ದೊರೆಯಿತು. ಅನಂತರ ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರ. ಈಗ ಹೊರದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ಅಂತರ್ಜಾಲದ ಮೂಲಕ ಅಕ್ಷರಮಾಲೆ, ಕಾಗುಣಿತ ಕಲಿಸುತ್ತಾಳೆ. ದೊಡ್ಡ ಸಂಬಳವೇನಲ್ಲ. ಆದರೆ ಎರಡು ಬಾರಿ ಊರು ಬದಲಾದರೂ ಈ ಕೆಲಸ ಅವಳನ್ನು ಬಿಟ್ಟಿಲ್ಲ. ‘ಎಲ್ಲಿ ಹೋದರೂ ಜೊತೆಗೆ ಬರುವ ಕೆಲಸ’ ಎಂಬ ಈ ಒಂದು ಗುಣವನ್ನೇ ಸೈನಿಕರ ಮಡದಿಯರು ಮೊದಲು ಹುಡುಕಬೇಕು.

ಜೊತೆಗೆ ಬರುವ ವೃತ್ತಿಗಳು

ಯಾವ ವೃತ್ತಿಗಳು ಹೀಗೆ ಜೊತೆಗೆ ಬರುತ್ತವೆ? ಇದು ಬಹುಮಟ್ಟಿಗೆ ಆಯಾ ವೃತ್ತಿಯ ನೋಂದಣಿಯನ್ನು ಅವಲಂಬಿಸಿದೆ. ಲೆಕ್ಕ ಪರಿಶೋಧಕರ ಸಂಸ್ಥೆ 1949ರ ಕಾನೂನಿನಿಂದ ರಚಿತವಾದ ಅಖಿಲ ಭಾರತ ಸಂಸ್ಥೆ. ಅದರ ಸದಸ್ಯೆಯಾದವಳು ಭಾರತದ ಯಾವ ಊರಿನಲ್ಲಾದರೂ ವೃತ್ತಿ ನಡೆಸಬಹುದು. ವಿಶೇಷ ಶಿಕ್ಷಣದ ಮಾತೂ ಹಾಗೆಯೇ. ಕಿವಿ ಕೇಳದ, ಕಣ್ಣು ಕಾಣದ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳಿಗೆ ಕಲಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ದಾಖಲೆಯಲ್ಲಿ ಹೆಸರು ಬರೆಸುತ್ತಾರೆ. ಆ ದಾಖಲೆ ಇಡೀ ದೇಶಕ್ಕೆ ಒಂದೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಬಗೆಯ ಬಿ.ಎಡ್. ತರಬೇತಿಯುಂಟು. ಸೈನ್ಯದ ಮಡದಿಯರ ಸಂಘವೇ ಇಂಥ ಮಕ್ಕಳಿಗಾಗಿ ಸೇನಾಠಾಣ್ಯಗಳಲ್ಲಿ ‘ಆಶಾ’ ಶಾಲೆಗಳನ್ನು ನಡೆಸುತ್ತಿದೆ. ಪರಿಣತ ಶಿಕ್ಷಕಿಯರ ಅಗತ್ಯ ಅಲ್ಲಿದೆ.

ವಕೀಲೆಯರ ಸಂಗತಿ ವಿಶೇಷವಾದುದು. ವಕೀಲರ ಹೆಸರು ಆಯಾ ರಾಜ್ಯದ ವಕೀಲರ ಪರಿಷತ್ತಿನ ಪಟ್ಟಿಯಲ್ಲಿರುತ್ತದೆ. ಆದರೆ 1961ರ ವಕೀಲರ ಅಧಿನಿಯಮದ 18ನೆಯ ವಿಧಿಯಂತೆ ಅಖಿಲ ಭಾರತ ಪರಿಷತ್ತಿಗೆ ಅರ್ಜಿ ಸಲ್ಲಿಸಿ ಆ ಹೆಸರನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ಪಟ್ಟಿಗೆ ವರ್ಗಾಯಿಸಿಕೊಳ್ಳಬಹುದು. ಇದಕ್ಕೆ ಶುಲ್ಕವಿಲ್ಲವೆಂದು ಆ ವಿಧಿಯೇ ಹೇಳುತ್ತದೆ. ದಾದಿಯರು ಮಾತ್ರ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ಬರೆಸಬೇಕಾದುದರಿಂದ ಊರು ಬದಲಾದಾಗ ಕಾಗದಪತ್ರಗಳ ಓಡಾಟ ತಪ್ಪಿದ್ದಲ್ಲ. ವರ್ಗದ ಆಜ್ಞೆ ಬಂದ ದಿನವೇ ಆ ಕೆಲಸಕ್ಕೆ ಕೈಹಾಕಿದರೆ ಅರ್ಧ ಕಷ್ಟ ಕಳೆಯುತ್ತದೆ.

ಉಪಾಧ್ಯಾಯಿನಿಯರ ಹೆದ್ದಾರಿ

ಸೈನಿಕರ ಮಡದಿಯರು ಅತಿ ಹೆಚ್ಚಾಗಿ ಹಿಡಿದಿರುವ ದಾರಿಗಳಲ್ಲಿ ಉಪಾಧ್ಯಾಯ ವೃತ್ತಿ ಮುಖ್ಯವಾದುದು. ಇದಕ್ಕೆ ಕಾರಣವುಂಟು. ಸೇನಾ ಕಲ್ಯಾಣ ಶಿಕ್ಷಣ ಸಂಸ್ಥೆ 1983ರಲ್ಲಿ ಸ್ಥಾಪನೆಯಾಯಿತು. ಇಂದು ದೇಶದಾದ್ಯಂತ ಅದರ ಆಶ್ರಯದಲ್ಲಿ ನೂರಮೂವತ್ತಕ್ಕೂ ಹೆಚ್ಚು ಆರ್ಮಿ ಪಬ್ಲಿಕ್ ಶಾಲೆಗಳಿವೆ. ಇವುಗಳಲ್ಲಿ ಶಿಕ್ಷಕಿಯಾಗಲು ಮೊದಲು ಒಂದು ಸಾಮಾನ್ಯ ಅರ್ಹತಾ ಪರೀಕ್ಷೆ, ಬಳಿಕ ಸಂದರ್ಶನ ಮತ್ತು ಪಾಠದ ಪರೀಕ್ಷೆ. ಅರ್ಹತಾ ಪರೀಕ್ಷೆ ಇಡೀ ದೇಶಕ್ಕೆ ಒಂದೇ ಆದುದರಿಂದ ಒಂದು ಊರಿನಲ್ಲಿ ಉತ್ತೀರ್ಣಳಾದವಳು ಇನ್ನೊಂದು ಊರಿನ ಶಾಲೆಯ ಬಾಗಿಲನ್ನು ತಟ್ಟಬಹುದು.

ಕೇಂದ್ರೀಯ ವಿದ್ಯಾಲಯಗಳ ಹುಟ್ಟೇ ಸೈನ್ಯದ ವರ್ಗಾವಣೆಗೆ ಸಂಬಂಧಿಸಿದ್ದು. ಪದೇ ಪದೇ ಊರು ಬದಲಿಸುವ ಕೇಂದ್ರ ಸರ್ಕಾರಿ ನೌಕರರ ಮಕ್ಕಳ ಓದು ಕೆಡಬಾರದೆಂದು 1963ರಲ್ಲಿ ಸೇನಾಠಾಣ್ಯಗಳ ಇಪ್ಪತ್ತು ರೆಜಿಮೆಂಟಲ್ ಶಾಲೆಗಳನ್ನು ತೆಗೆದುಕೊಂಡು ಈ ವ್ಯವಸ್ಥೆಯನ್ನು ಆರಂಭಿಸಿದರು. ಇಂದು ಅವುಗಳ ಸಂಖ್ಯೆ ಸಾವಿರದ ಇನ್ನೂರನ್ನು ದಾಟಿದೆ. ಮಕ್ಕಳಿಗಾಗಿ ಕಟ್ಟಿದ ಈ ಸೇತುವೆಯ ಮೇಲೆ ತಾಯಂದಿರೂ ನಡೆಯಬಹುದು. ಖಾಯಂ ಹುದ್ದೆಯಲ್ಲದೆ, ಖಾಲಿ ಬಿದ್ದ ಸ್ಥಾನಗಳಿಗೆ ವರ್ಷದ ಆರಂಭದಲ್ಲಿ ಆಯಾ ವಿದ್ಯಾಲಯಗಳೇ ಸಂದರ್ಶನ ನಡೆಸಿ ತಾತ್ಕಾಲಿಕವಾಗಿ ಶಿಕ್ಷಕರನ್ನು ತೆಗೆದುಕೊಳ್ಳುವ ಪದ್ಧತಿಯುಂಟು. ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷಗಳ ಗಡುವಿದ್ದಿತು. 2021ರಲ್ಲಿ ಆ ಗಡುವನ್ನು ತೆಗೆದು ಅದನ್ನು ಜೀವಾವಧಿಗೆ ವಿಸ್ತರಿಸಿದರು. ಮಗು ಚಿಕ್ಕದಿರುವಾಗ ಕೆಲವು ವರ್ಷ ಮನೆಯಲ್ಲಿ ನಿಂತವಳಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿ.ಎಡ್. ಇಲ್ಲದವರು ನಿರಾಶರಾಗಬೇಕಿಲ್ಲ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಅಧ್ಯಯನ ಕೇಂದ್ರಗಳು ದೇಶದ ಮೂಲೆಮೂಲೆಯಲ್ಲಿವೆ. ಓದು ನಡುವೆ ಇರುವಾಗ ಊರು ಬದಲಾದರೆ ಕೇಂದ್ರವನ್ನು ಬದಲಿಸಿಕೊಳ್ಳಲು ಅಲ್ಲಿ ಅವಕಾಶವಿದೆ.

ಸರ್ಕಾರಿ ನೌಕರಿಯಲ್ಲಿರುವವರಿಗೆ

ಮದುವೆಗೆ ಮೊದಲೇ ಕೇಂದ್ರ ಸರ್ಕಾರದ ನೌಕರಿ ಹಿಡಿದ ಹೆಣ್ಣುಮಕ್ಕಳು ಸೈನಿಕನನ್ನು ವರಿಸಿದೊಡನೆ ರಾಜೀನಾಮೆ ಬರೆದುಕೊಡುವುದನ್ನು ಕಂಡಿದ್ದೇವೆ. ಅವಸರ ಬೇಡ. ಪತಿಪತ್ನಿಯರನ್ನು ಸಾಧ್ಯವಾದಷ್ಟು ಒಂದೇ ಊರಿನಲ್ಲಿ ಇರಿಸಬೇಕೆಂಬ ಸರ್ಕಾರದ ನೀತಿ 1986ರಿಂದಲೂ ಇದೆ. 2009ರ ಸೆಪ್ಟೆಂಬರ್ 30ರ ಆದೇಶ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ವಿವಾಹಿತ ಮಹಿಳೆಯರ ಕೋರಿಕೆಯಂತೆ ಅವರನ್ನು ಪತಿಯಿರುವ ಊರಿಗೆ ವರ್ಗಾಯಿಸಲು ಆದಷ್ಟೂ ಪ್ರಯತ್ನಿಸಬೇಕೆಂಬ ಸೂಚನೆಯೂ ಉಂಟು. ಆ ಊರಿನಲ್ಲಿ ಹುದ್ದೆ ಖಾಲಿ ಇರಬೇಕು, ಮೇಲಧಿಕಾರಿಗಳ ಒಪ್ಪಿಗೆ ದೊರೆಯಬೇಕು ಎಂಬುದು ನಿಜ. ಆದರೆ ಅರ್ಜಿಯನ್ನೇ ಹಾಕದವರಿಗೆ ಯಾವ ಆದೇಶವೂ ನೆರವಾಗದು. ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ ಒಟ್ಟು 730 ದಿನಗಳ ಶಿಶುಪಾಲನಾ ರಜೆಯ ಸೌಲಭ್ಯ 2008ರಿಂದ ಬಂದಿದೆ. ಪತಿ ಯುದ್ಧಠಾಣ್ಯದಲ್ಲಿರುವ ಕಠಿಣ ದಿನಗಳನ್ನು ಈ ರಜೆಯ ನೆರವಿನಿಂದ ದಾಟಬಹುದು. ಒಮ್ಮೆ ಬಿಟ್ಟ ಖಾಯಂ ನೌಕರಿ ಮತ್ತೆ ಸಿಗುವುದು ದುರ್ಲಭವೆಂಬುದನ್ನು ನೆನಪಿಡಬೇಕು.

ಅಮೆರಿಕ ನಡೆದ ದಾರಿ

ಈ ತೊಂದರೆ ನಮ್ಮ ದೇಶಕ್ಕೆ ಮಾತ್ರ ಮೀಸಲಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ರಕ್ಷಣಾ ಇಲಾಖೆ 2021ರಲ್ಲಿ ನಡೆಸಿದ ಸಮೀಕ್ಷೆಯಂತೆ, ಕೆಲಸ ಬೇಕೆನ್ನುವ ಸೈನಿಕ ಪತ್ನಿಯರಲ್ಲಿ ಮತ್ತು ಪತಿಯರಲ್ಲಿ ಶೇಕಡಾ 21 ಮಂದಿ ನಿರುದ್ಯೋಗಿಗಳು. ಐವರಲ್ಲಿ ಒಬ್ಬರಿಗೆ ಕೆಲಸವಿಲ್ಲವೆಂದಾಯಿತು. ಅಷ್ಟು ಸಂಪನ್ನವಾದ ದೇಶದಲ್ಲಿಯೇ ಹೀಗೆ!

ಆದರೆ ಆ ದೇಶ ಸುಮ್ಮನೆ ಕುಳಿತಿಲ್ಲ. 2011ರಲ್ಲಿ ರಕ್ಷಣಾ ಇಲಾಖೆಯೇ ಉದ್ಯಮಿಗಳೊಡನೆ ಒಡಂಬಡಿಕೆ ಮಾಡಿಕೊಂಡು, ಸೈನಿಕರ ಸಂಗಾತಿಗಳಿಗೆ ಕೆಲಸ ಕೊಡುವ ಸಂಸ್ಥೆಗಳ ಒಂದು ಕೂಟವನ್ನು ರಚಿಸಿತು. ಕೆಳಗಿನ ದರ್ಜೆಗಳ ಸೈನಿಕರ ಸಂಗಾತಿಗಳು ವೃತ್ತಿಶಿಕ್ಷಣ ಪಡೆಯಲು 4,000 ಡಾಲರುಗಳವರೆಗೆ ವಿದ್ಯಾರ್ಥಿವೇತನದ ಯೋಜನೆಯಿದೆ. ಅಲ್ಲಿಯೂ ಒಂದೊಂದು ರಾಜ್ಯಕ್ಕೆ ಒಂದೊಂದು ವೃತ್ತಿಪರವಾನಗಿ. ಒಂದು ರಾಜ್ಯದ ದಾದಿ ಇನ್ನೊಂದು ರಾಜ್ಯಕ್ಕೆ ಹೋದರೆ ಹೊಸ ಪರವಾನಗಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. 2023ರ ಜನವರಿಯಲ್ಲಿ ಬಂದ ಕಾನೂನು, ಸೈನ್ಯದ ಆಜ್ಞೆಯಂತೆ ಊರು ಬದಲಿಸಿದವರ ಪರವಾನಗಿಯನ್ನು ಹೊಸ ರಾಜ್ಯವೂ ಮನ್ನಿಸಬೇಕೆಂದು ವಿಧಿಸಿತು. ಆ ಕಾನೂನು ಬಂದಾಗ ವಕೀಲಿ ವೃತ್ತಿಯನ್ನು ಅದರಿಂದ ಹೊರಗಿಟ್ಟಿದ್ದರು. ನಮ್ಮಲ್ಲಾದರೋ ವಕೀಲೆಯರಿಗೆ ಆರು ದಶಕಗಳಿಂದ ಸುಲಭವಾದ ದಾರಿಯಿದೆ. ದಾದಿಯರಿಗೆ ಇನ್ನೂ ತೊಡಕಿದೆ. ವಕೀಲೆಗೆ ಕೊಟ್ಟ ಸೌಕರ್ಯವನ್ನು ದಾದಿಗೂ ಕೊಡಲು ನಮ್ಮ ಶಾಸನಕರ್ತರು ಮನಸ್ಸು ಮಾಡಿದರೆ ಸೈನಿಕರ ಮನೆಗಳಿಗೆ ದೊಡ್ಡ ಉಪಕಾರವಾದೀತು.

ಕುಂಕುಮ ಅಳಿದ ಬಳಿಕ

ಇಷ್ಟು ಹೊತ್ತು ಗಂಡ ಬದುಕಿರುವ ಮನೆಯ ಮಾತಾಡಿದೆವು. ಎಲ್ಲ ಮನೆಗಳಿಗೂ ಅವನು ಮರಳಿ ಬರುವುದಿಲ್ಲ. ಆ ಮನೆಗಳಿಗೆ ಪಿಂಚಣಿ ಬರುತ್ತದೆ, ಪರಿಹಾರ ಬರುತ್ತದೆ. ಆದರೆ ಹಣಕಾಸಿನ ವ್ಯವಹಾರವನ್ನೇ ಅರಿಯದ ಇಪ್ಪತ್ತೈದರ ತರುಣಿಯ ಕೈಗೆ ಬಂದ ಹಣ ಎಷ್ಟು ದಿನ ಅವಳದಾಗಿ ಉಳಿದೀತು? 1971ರ ಯುದ್ಧದ ಬಳಿಕ ಇಂಥ ಹೆಣ್ಣುಮಕ್ಕಳ ಸ್ಥಿತಿಯನ್ನು ಕಂಡು ಶ್ರೀಮತಿ ಮೋಹಿನಿ ಗಿರಿಯವರು 1972ರಲ್ಲಿ ಯುದ್ಧವಿಧವೆಯರ ಸಂಘವನ್ನು ಸ್ಥಾಪಿಸಿದರು. ಇವರು ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು ಮುಂದೆ ರಾಷ್ಟ್ರಪತಿಗಳಾದ ವಿ. ವಿ. ಗಿರಿಯವರ ಸೊಸೆ.

ಸೈನ್ಯವು ಇಂದು ಅಂಥವರಿಗೆ ತನ್ನ ಬಾಗಿಲನ್ನೇ ತೆರೆದಿದೆ. ಸೇವೆಯಲ್ಲಿ ಮಡಿದವರ ಪತ್ನಿಯರಿಗೆ ವಯೋಮಿತಿಯಲ್ಲಿ ರಿಯಾಯಿತಿ ಕೊಟ್ಟು, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ತರಬೇತಿ ನೀಡಿ, ಅಲ್ಪಾವಧಿ ಸೇವೆಯ ಅಧಿಕಾರಿಗಳನ್ನಾಗಿ ಮಾಡುತ್ತದೆ. ನಾಯಕ್ ದರ್ಜೆಯ ಯೋಧನ ಪತ್ನಿ ಪ್ರಿಯಾ ಸೆಮ್ವಾಲ್ 2014ರಲ್ಲಿ ಅಧಿಕಾರಿಯಾದರು. ಕುಪ್ವಾರದಲ್ಲಿ 2015ರಲ್ಲಿ ಮಡಿದ ಕರ್ನಲ್ ಸಂತೋಷ್ ಮಹಾಡಿಕರ ಪತ್ನಿ ಸ್ವಾತಿ ಮಹಾಡಿಕ್ ಎರಡು ಮಕ್ಕಳ ತಾಯಿಯಾಗಿ 2017ರಲ್ಲಿ ಸಮವಸ್ತ್ರ ಧರಿಸಿದರು. ಪುಲ್ವಾಮದಲ್ಲಿ ಪತಿಯನ್ನು ಕಳೆದುಕೊಂಡ ನಿತಿಕಾ ಕೌಲ್ 2021ರಲ್ಲಿ, ಗಲ್ವಾನಿನಲ್ಲಿ ಮಡಿದು ವೀರಚಕ್ರ ಪಡೆದ ದೀಪಕ್ ಸಿಂಗರ ಪತ್ನಿ ರೇಖಾ ಸಿಂಗ್ 2023ರಲ್ಲಿ ಇದೇ ದಾರಿಯಲ್ಲಿ ನಡೆದರು. ಸಿಪಾಯಿಯ ಮಡದಿ ಅಧಿಕಾರಿಯಾಗುವುದೆಂದರೆ ಒಂದು ತಲೆಮಾರಿನ ಅಂತರವನ್ನು ಒಂದೇ ಜಿಗಿತದಲ್ಲಿ ದಾಟಿದಂತೆ.

ಎಲ್ಲರೂ ಸಮವಸ್ತ್ರ ಧರಿಸಲಾರರು, ಧರಿಸಬೇಕಾಗಿಯೂ ಇಲ್ಲ. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ, ಜಿಲ್ಲೆಗಳಲ್ಲಿ ಅದರ ಕಚೇರಿಗಳಿವೆ. ವೃತ್ತಿತರಬೇತಿ, ಮಕ್ಕಳ ವಿದ್ಯಾಭ್ಯಾಸ, ಸಾಲ ಸೌಲಭ್ಯಗಳ ವಿಷಯವನ್ನು ಅಲ್ಲಿ ವಿಚಾರಿಸಬಹುದು. ಇನ್ನು 1966ರಲ್ಲಿ ಆರಂಭವಾದ ಭೂಸೈನ್ಯದ ಮಡದಿಯರ ಸಂಘ, 1970ರಲ್ಲಿ ಆರಂಭವಾದ ವಾಯುಸೇನೆಯವರ ಸಂಘ, ನೌಕಾಸೇನೆಯವರ ಸಂಘ ಇವೆಲ್ಲ ಠಾಣ್ಯಠಾಣ್ಯಗಳಲ್ಲಿ ಹೊಲಿಗೆ, ಗಣಕಯಂತ್ರ, ಬೇಕರಿ ಮೊದಲಾದ ತರಬೇತಿಗಳನ್ನು ನಡೆಸುತ್ತವೆ. ತರಬೇತಿಗೆ ಸೇರುವವರು ಒಂದು ಮಾತು ಗಮನಿಸಬೇಕು. ಕಲಿತುಕೊಂಡದ್ದಕ್ಕೆ ಪ್ರಮಾಣಪತ್ರವಿರಬೇಕು, ಮಾಡಿದ್ದನ್ನು ಮಾರುವ ದಾರಿಯಿರಬೇಕು. ಇವೆರಡೂ ಇಲ್ಲದಿದ್ದರೆ ಅದು ಕಾಲಕ್ಷೇಪವಾದೀತೇ ಹೊರತು ಜೀವನೋಪಾಯವಾಗದು.

ಕೆಲವು ಹಿತವಚನಗಳು

ವೃತ್ತಿಯನ್ನು ಅರಸುವ ಸಹೋದರಿಯರಿಗೆ ಕೆಲವು ವ್ಯಾವಹಾರಿಕ ಸಲಹೆಗಳು. ಮೊದಲನೆಯದಾಗಿ, ಪದವಿಪತ್ರ, ಅಂಕಪಟ್ಟಿ, ನೋಂದಣಿಪತ್ರಗಳನ್ನೆಲ್ಲ ಒಂದೇ ಕಡತದಲ್ಲಿ ಜೋಡಿಸಿ, ಲಾರಿಗೆ ಹಾಕದೆ ಕೈಚೀಲದಲ್ಲಿಯೇ ಒಯ್ಯಬೇಕು. ಎರಡನೆಯದಾಗಿ, ಒಂದು ಊರನ್ನು ಬಿಡುವ ಮೊದಲು ಅನುಭವದ ಪ್ರಮಾಣಪತ್ರವನ್ನು ಪಡೆಯದೆ ಹೊರಡಕೂಡದು. ಆರು ತಿಂಗಳ ಬಳಿಕ ಎರಡು ಸಾವಿರ ಮೈಲಿ ದೂರದಿಂದ ಅದನ್ನು ತರಿಸುವುದು ಸುಲಭವಲ್ಲ. ಮೂರನೆಯದಾಗಿ, ನಡುವೆ ಕೆಲಸವಿಲ್ಲದ ವರ್ಷಗಳನ್ನು ಮುಚ್ಚಿಡದೆ, ಪತಿಯ ವರ್ಗಾವಣೆಯೇ ಕಾರಣವೆಂದು ಅರ್ಜಿಯಲ್ಲಿ ಒಂದೇ ಸಾಲಿನಲ್ಲಿ ಬರೆಯಬೇಕು. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಆದರೆ ಪತಿಯ ತುಕಡಿಯ ಹೆಸರು, ಅದು ಬೀಡುಬಿಟ್ಟ ಸ್ಥಳ ಇವುಗಳನ್ನು ಎಲ್ಲಿಯೂ ಬರೆಯಬಾರದು. ನಾಲ್ಕನೆಯದಾಗಿ, ಮನೆಯಲ್ಲಿ ಕುಳಿತೇ ಮಾಡುವ ಕೆಲಸಗಳು 2020ರ ಮಹಾಮಾರಿಯ ಬಳಿಕ ಬಹಳ ಹೆಚ್ಚಿವೆ. ಆದರೆ ಕೆಲಸ ಕೊಡುವ ಮೊದಲೇ ಠೇವಣಿ ಕೇಳುವವರಿಂದ ದೂರವಿರುವುದು ಲೇಸು.

ಇನ್ನು ಶಾಲೆ, ಕಾಲೇಜು, ಕಾರ್ಖಾನೆಗಳ ಆಡಳಿತಗಾರರಿಗೆ ಒಂದು ವಿನಂತಿ. ಸೈನಿಕನ ಮಡದಿ ಎರಡು ವರ್ಷದಲ್ಲಿ ಬಿಟ್ಟು ಹೋಗುವಳೆಂಬ ಅಂಜಿಕೆ ನಿಮಗೆ. ನಿಮ್ಮಲ್ಲಿ ಕೆಲಸಕ್ಕೆ ಸೇರಿದ ಉಳಿದವರೆಲ್ಲ ಹತ್ತು ವರ್ಷ ನಿಂತಿದ್ದಾರೆಯೇ? ಹೆಚ್ಚು ಸಂಬಳ ಕಂಡೊಡನೆ ಹೋದವರೆಷ್ಟು ಮಂದಿ! ಸೈನಿಕನ ಮಡದಿ ಹೋಗುವ ಕಾಲವಾದರೂ ಬಹುಮಟ್ಟಿಗೆ ಮುಂದಾಗಿ ತಿಳಿದಿರುತ್ತದೆ. ಹೊಸ ಊರು, ಹೊಸ ಭಾಷೆ, ಹೊಸ ಜನರ ನಡುವೆ ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಒಬ್ಬಳೇ ಎಲ್ಲವನ್ನೂ ನಿಭಾಯಿಸಿದ ಹೆಣ್ಣಿಗೆ ನಿಮ್ಮ ಕಚೇರಿಯ ಕೆಲಸ ಭಾರವಾದೀತೇ?

ಕೊನೆಯ ಮಾತು ಮನೆಯವರಿಗೆ. ಕೊಡಗಿನಲ್ಲಿ, ಬೆಳಗಾವಿಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳುಹಿಸುವ ಮನೆತನಗಳು ಇಂದಿಗೂ ಇವೆ. ಆ ಮನೆಗಳಲ್ಲಿ ಹೆಣ್ಣು ನೋಡಲು ಹೋದಾಗ “ಹುಡುಗಿ ಕೆಲಸ ಬಿಡುತ್ತಾಳೆ ತಾನೇ?” ಎಂದು ಕೇಳುವುದು ವಾಡಿಕೆ. ಅದರ ಬದಲು “ಹುಡುಗಿಯ ಕೆಲಸ ಮುಂದುವರಿಯಲು ನಾವೇನು ಮಾಡಬೇಕು?” ಎಂದು ಕೇಳಲಿ. ಅತ್ತೆಯಾದವಳು ಒಂದಾರು ತಿಂಗಳು ಮೊಮ್ಮಗುವನ್ನು ನೋಡಿಕೊಂಡರೆ ಸೊಸೆಯ ಬಿ.ಎಡ್. ಮುಗಿಯುತ್ತದೆ. ಗಂಡನಾದವನು ರಜೆಯಲ್ಲಿ ಬಂದಾಗ ಆಕೆಯ ಪರೀಕ್ಷೆಯ ದಿನವನ್ನು ಕೇಳಿ ತಿಳಿದುಕೊಂಡರೆ ಆಕೆಗೆ ಬಲ ಬರುತ್ತದೆ. ದೇಶವನ್ನು ಕಾಯುವವನ ಬೆನ್ನ ಹಿಂದೆ ಮನೆಯನ್ನು ಕಾಯುವವಳಿದ್ದಾಳೆ ಎಂದು ನಾವು ಭಾಷಣಗಳಲ್ಲಿ ಹೇಳುತ್ತ ಬಂದಿದ್ದೇವೆ. ಆಕೆ ತನ್ನ ಕಾಲ ಮೇಲೆ ನಿಲ್ಲಲು ಒಂದು ಕೆಲಸ, ಆ ಕೆಲಸ ಆಕೆಯೊಡನೆ ಊರಿಂದೂರಿಗೆ ಸಾಗಲು ಒಂದು ದಾರಿ, ಇಷ್ಟನ್ನು ಒದಗಿಸಿಕೊಟ್ಟರೆ ಆ ಭಾಷಣಕ್ಕೂ ಅರ್ಥ ಬಂದೀತು.